ಎರಡನೇ ಗೇರಿಗೊಂದು ಕೊಕ್ಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ಷಟರ್ ಅರ್ಧಕ್ಕೆ ಎತ್ತಿದೆ. ಒಳಗೆ ಕೆಂಪು ಬಣ್ಣ ಮಾಸಿ ಇಟ್ಟಿಗೆಪುಡಿಯಂತಾದ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಅದರ ಅಡಿಯಿಂದ ಹೊರಚಾಚಿದ ಎರಡು ಪಾದ. "ಟೀ ಬೇಕಾದ್ರೆ ಫ್ಲಾಸ್ಕಲ್ಲಿದೆ, ಮಾತು ಬೇಕಾದ್ರೆ ತಡೀರಿ, ಬಾಯಲ್ಲಿ ಬೋಲ್ಟಿದೆ" ಎಂಬ ತೊದಲು ದನಿ ಕಾರಿನಡಿಯಿಂದ ಬರುತ್ತದೆ. ಇಡೀ ಬೀದಿ ಇವರನ್ನು ಗ್ಯಾರೇಜ್ ಅಕ್ಕ ಎಂದೇ ಕರೆಯುತ್ತದೆ.

ಭಾನುವಾರ ಊರಾಚೆಯ ಬಯಲಿನಲ್ಲಿ ಆಟೋಕ್ರಾಸ್. ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಅಂಕುಡೊಂಕಿನ ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಓಟವೆಲ್ಲ ಗಡಿಯಾರದ ಜೊತೆ. ಕೋನು ಉರುಳಿದರೆ ದಂಡ. ಈ ಕಾರನ್ನು ಓಡಿಸಬೇಕಾದವರು ಅಕ್ಕನ ಗಂಡ. "ಗೆಲ್ಲೋ ಮಾತು ಯಾರಿಗ್ಬೇಕು ಬಿಡಿ. ನಮ್ಮನೆಯವರು ಬಂದು ಇದರೊಳಗೆ ಕೂತ್ಕೋತಾರೋ ಇಲ್ವೋ, ನಂಗೆ ಅದೊಂದೇ ಚಿಂತೆ" ಎನ್ನುತ್ತಾರೆ ಅಕ್ಕ, ಕೈ ಒರೆಸಿಕೊಳ್ಳುತ್ತಾ.

ಅಕ್ಕನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ್ದೇ ಆ ಗಂಡ. ಕಾರು ಕಟ್ಟುವುದರಲ್ಲೂ ಓಡಿಸುವುದರಲ್ಲೂ ಎತ್ತಿದ ಕೈ ಅವರದು. ಮೂರು ವರ್ಷದ ಹಿಂದೆ ಒಂದು ದಿನ ಇಂಜಿನ್ ಸರಪಳಿಯಲ್ಲಿ ತೂಗುತ್ತಿತ್ತು. ಸರಪಳಿ ಅಕ್ಕನ ಕೈಯಲ್ಲಿ. ಗಂಡ ಎಡಗೈಯನ್ನು ಇಂಜಿನ್ನಿನ ಅಡಿಗೆ ತೂರಿಸಿ ಬೋಲ್ಟಿನ ತೂತು ಹುಡುಕುತ್ತಿದ್ದರು. ಎಷ್ಟು ಹೆಣಗಿದರೂ ಕೂಡಿಬರಲಿಲ್ಲ. ಬೇಸತ್ತು ಅವರು "ಬಿಡು" ಎಂದರು.

"ಬಿಡು, ಆಮೇಲೆ ನೋಡೋಣ ಅನ್ನೋಕೆ ಹೊರಟಿದ್ರು ಅವರು. ನಮ್ಮ ಕೆಲಸದಲ್ಲಿ ಸರಪಳಿ ಹಿಡಿದೋಳಿಗೆ ಬಿಡು ಅಂದ್ರೆ ಇಳಿಸು ಅಂತ. ಬಿಟ್ಟುಬಿಟ್ಟೆ ನಾನು." ಇಂಜಿನ್ ಬಂದು ಕೂತದ್ದು ಗಂಡನ ಎಡಗೈ ಮೇಲೆ. "ಅಯ್ಯೋ, ಒಂದು ಮಾತು ಬೈಲಿಲ್ಲ ಪುಣ್ಯಾತ್ಮ. ಬೈದಿದ್ರೆ ಎಷ್ಟೋ ವಾಸಿಯಾಗಿತ್ತು."

ಜಜ್ಜಿದ ಬೆರಳುಗಳು ಕೂಡಿಕೊಂಡವು, ಮಡಚಲು ಮಾತ್ರ ಬರಲಿಲ್ಲ. ಅಂದು ಗ್ಯಾರೇಜಿನ ಮೇಲಿನ ಮಹಡಿ ಕೋಣೆ ಸೇರಿದ ಗಂಡ ಮತ್ತೆ ಗ್ಯಾರೇಜಿಗೆ ಮೆಟ್ಟಿಲು ಇಳಿಯಲಿಲ್ಲ. ಗಾಡಿಗಳ ಸುದ್ದಿಯನ್ನೂ ಎತ್ತಲಿಲ್ಲ. ಬಂದ ಗಿರಾಕಿಗಳನ್ನು ಅಕ್ಕನೇ ಸುಧಾರಿಸಿದರು. ಬೆಳಿಗ್ಗೆ ಬೇರೆಯವರ ಕಾರು ಬರುವ ಮೊದಲಿನ ಒಂದೆರಡು ಗಂಟೆ ಮಾತ್ರ ಗಂಡನ ಈ ಕಾರಿಗೆ.

ಕೈಯಲ್ಲಿ ಕಾಸಿಲ್ಲದವರು ಏನು ಮಾಡಬೇಕು? ಬಿಚ್ಚಬೇಕು. ಸ್ಟೆಪ್ನಿ, ರೇಡಿಯೋ, ನೆಲದ ಕಾರ್ಪೆಟ್ಟು, ಪಕ್ಕದ ಸೀಟು, ಎಲ್ಲ ಹೊರಗೆ. ತೂಕ ಇಳಿದಷ್ಟೂ ಕಾರು ಚುರುಕು. "ಬಿಚ್ಚೋಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ ನೋಡಿ" ಎಂದು ನಗುತ್ತಾರೆ. ಟೈರು ಇನ್ನೊಬ್ಬರು ಬಳಸಿ ಬಿಟ್ಟದ್ದು. ಬ್ರೇಕಿನ ವಿಷಯದಲ್ಲಿ ಮಾತ್ರ ಜಿಪುಣತನ ಇಲ್ಲ. ಅದೆಲ್ಲ ಹೊಚ್ಚ ಹೊಸದು.

ಕಾಡಿದ್ದು ಗೇರು. ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ತಾನಾಗಿ ಜಾರಿ ನ್ಯೂಟ್ರಲ್ಲಿಗೆ ಬರುತ್ತಿತ್ತು. ಗೇರ್‌ಬಾಕ್ಸೇ ಹೋಗಿದೆ ಅಂದವರೇ ಎಲ್ಲ. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ಅಕ್ಕನಿಗೆ ಸಿಕ್ಕಿದ್ದು ಇಂಜಿನ್ನಿನ ಕೆಳಗೆ ಹರಿದಿದ್ದ ಒಂದು ರಬ್ಬರು. ಅದು ಹರಿದು ಇಂಜಿನ್ ವಾಲಿದಾಗೆಲ್ಲ ಗೇರನ್ನೂ ಎಳೆಯುತ್ತಿತ್ತು. ಅದರ ಜಾಗಕ್ಕೆ ಲಾರಿ ಟೈರು ಕತ್ತರಿಸಿ ಹಾಕಿದರು. ಅದು ಕಲ್ಲಿನಷ್ಟು ಗಟ್ಟಿ, ಇಂಜಿನ್ನಿನ ನಡುಕವೆಲ್ಲ ಕಾರಿಗೆ. ಪಕ್ಕದ ಸೀಟು ಇನ್ನೂ ಇದ್ದಾಗ ಒಂದು ಸುತ್ತು ಕೂತು ಬಂದ ಅತ್ತೆ, "ಕಟ್ಟಿಸಿದ ಹಲ್ಲು ಉದುರ್ತಾವೆ ಕಣೇ, ನಿಲ್ಸೇ!" ಎಂದು ಕೂಗಿಕೊಂಡರಂತೆ. ಕೊನೆಗೆ ಗುಜರಿಯಲ್ಲಿ ಸರಿಯಾದ ರಬ್ಬರು ಸಿಕ್ಕಿತು.

ಗೇರಿನ ಕೋಲು ಇರುವುದು ಎಡಗೈ ಕಡೆಗೆ. ಇಂಥ ಓಟದಲ್ಲಿ ಹೊರಡುವಾಗ ಒಂದನೇ ಗೇರು, ಆಮೇಲೆ ಕೋಲನ್ನು ಒಮ್ಮೆ ಹಿಂದಕ್ಕೆಳೆದರೆ ಕೊನೆತನಕ ಎರಡನೆಯದೇ. ಆ ಒಂದು ಎಳೆತಕ್ಕಾಗಿ ಕೋಲಿನ ತುದಿಗೆ ಅಕ್ಕ ಕಬ್ಬಿಣದ ಕೊಕ್ಕೆಯೊಂದನ್ನು ಬೆಸೆದು, ಚರ್ಮ ಸುತ್ತಿದ್ದಾರೆ. "ಅವರು ಆ ಕೈಲಿ ಟೀ ಕಪ್ಪನ್ನ ಹ್ಯಾಗೆ ಎತ್ತುತ್ತಾರೆ ಅಂತ ನೋಡಿ ನೋಡಿ ಬಗ್ಗಿಸಿದ್ದು. ಅಳತೆ ಕೇಳೋ ಧೈರ್ಯ ಎಲ್ಲಿತ್ತು ನಂಗೆ?"

ಭಾನುವಾರ ಬೆಳಿಗ್ಗೆ ಕಾರು ತಯಾರಾಗಿ ನಿಂತಿದೆ. ಗಂಡನ ಸುಳಿವಿಲ್ಲ. ಕರೆಯಲು ಹೊರಟ ಅಕ್ಕ ಮೆಟ್ಟಿಲ ಮಧ್ಯದಲ್ಲೇ ನಿಲ್ಲುತ್ತಾರೆ. ಮೇಲೆ ಅತ್ತೆ ತಮ್ಮ ಮಗನನ್ನು ದಬಾಯಿಸುತ್ತಿದ್ದಾರೆ: "ಹೆಂಡ್ತಿ ಕಟ್ಟಿದ ಗಾಡಿ ಹತ್ತೋಕೆ ಹೆದರಿಕೆನೇನೋ?"

"ಹೆದರಿಕೆ ಅಲ್ಲಮ್ಮ. ನಾನು ಕೆಳಗಿಳಿದ್ರೆ ಅವಳು ಕೆಲಸ ಬಿಟ್ಟು ನನ್ನ ಕೈನೇ ನೋಡ್ತಾಳೆ. ಆಗ ಅವಳ ಮುಖ ನನ್ನ ಕೈಲಿ ನೋಡೋಕಾಗಲ್ಲ."

"ಹಾಗಂತ ಮೂರು ವರ್ಷ ಅಟ್ಟ ಹತ್ತಿ ಕೂತ್ಯಾ? ಬಂಗಾರದಂಥ ಹುಡುಗಿ, ನೀನು ಶಾಪ ಹಾಕ್ತಿದೀಯ ಅಂದ್ಕೊಂಡು ಕೊರಗ್ತಿದಾಳೆ. ಏಳು ಮೇಲೆ!"

ಅಕ್ಕ ಸದ್ದಾಗದಂತೆ ಇಳಿದು ಬಂದು ಕಾರಿನ ಗಾಜನ್ನು ಸುಮ್ಮಸುಮ್ಮನೆ ಒರೆಸುತ್ತಾ ನಿಲ್ಲುತ್ತಾರೆ. ಕಣ್ಣು ಗಾಜಿನ ಮೇಲೇ ಇದೆ. ಗಂಡ ಬಂದು ಒಳಗೆ ಕೂರುತ್ತಾರೆ.

ಬಯಲಿನಲ್ಲಿ ತಪಾಸಣೆಯವನು ಚಕ್ರ ಅಲುಗಾಡಿಸಿ ನೋಡುತ್ತಾನೆ, ಬ್ಯಾಟರಿ ಕಟ್ಟಿದ್ದನ್ನು ಜಗ್ಗುತ್ತಾನೆ, ಕೊಕ್ಕೆ ಕಂಡು ಹುಬ್ಬೇರಿಸುತ್ತಾನೆ. "ಎಲ್ಲಿ, ಗೇರ್ ಹಾಕಿ ತೋರ್ಸಿ ಸಾರ್." ಮಡಚದ ಬೆರಳುಗಳು ಕೊಕ್ಕೆಯೊಳಗೆ ತೂರಿ ಹಿಂದಕ್ಕೆಳೆಯುತ್ತವೆ. ಟಕ್ ಎಂದು ಗೇರು ಕೂರುತ್ತದೆ. ಅವನು ತಲೆಯಾಡಿಸಿ ಚೀಟಿ ಅಂಟಿಸುತ್ತಾನೆ.

ಮೊದಲ ಸುತ್ತಿನಲ್ಲಿ ಒಂದು ಕೋನು ಉರುಳುತ್ತದೆ. ಸಮಯ ನೋಡಿದರೆ ಕೊನೆಯಿಂದ ಲೆಕ್ಕ ಹಾಕುವುದೇ ಸುಲಭ. ಆದರೆ ಗೇರು ಜಾರಲಿಲ್ಲ. ಧೂಳೆಬ್ಬಿಸಿಕೊಂಡು ವಾಪಸ್ಸು ಬಂದ ಗಂಡ ಹೆಲ್ಮೆಟ್ಟನ್ನೂ ತೆಗೆಯದೆ ಕಿಟಕಿಯಿಂದ ಗದರುತ್ತಾರೆ: "ಏ ಇವಳೇ, ಏನು ಕಂಬದ ಹಾಗೆ ನಿಂತಿದೀಯ? ಹಿಂದಿನ ಟೈರಲ್ಲಿ ಗಾಳಿ ಸ್ವಲ್ಪ ಕಮ್ಮಿ ಮಾಡು, ಹಿಂಬದಿ ಜಾರ್ತಿದೆ. ಇನ್ನೊಂದು ಸುತ್ತಿದೆ, ಬೇಗ!"

ಅಕ್ಕ ಮಣ್ಣಿನಲ್ಲಿ ಮೊಣಕಾಲೂರಿ ಗಾಳಿ ಬಿಡುತ್ತಾರೆ. ಕೆನ್ನೆಯ ಮೇಲೆ ಇಳಿಯುತ್ತಿರುವುದನ್ನು ಒರೆಸಿಕೊಳ್ಳಲು ಕೈಗೆ ಬಿಡುವಿಲ್ಲ.

"ನಂಗೆ ಕೆಲಸ ಹೇಳಿದ್ರು, ಕೇಳಿಸ್ತಾ?" ಎನ್ನುತ್ತಾರೆ ತಲೆಯೆತ್ತದೆ. "ಸ್ವಲ್ಪ ಜರುಗಿ, ಆ ಕಡೆ ಚಕ್ರ ಬಾಕಿಯಿದೆ."