ನಿತ್ಯಪುಷ್ಪದ ಕಷಾಯ

ಅಥಣಿಯ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದ ಮೇಡಂ, ಯಾವ ಎಲೆ ಸಿಕ್ಕರೂ ಹಿಸುಕಿ ಮೂಸಿ, "ಎಲಿ ಬ್ಯಾರೆ, ಔಷಧ ಬ್ಯಾರೆ" ಎನ್ನುತ್ತಿದ್ದರು. ನಿತ್ಯಪುಷ್ಪದಿಂದ ತೆಗೆದ ರಾಸಾಯನಿಕವನ್ನು ರಕ್ತದ ಕ್ಯಾನ್ಸರಿಗೆ ಕೊಡುತ್ತಾರೆಂದು ಹೇಳಿದವರೂ ಅವರೇ.

ನನ್ನ ಪುಟ್ಟ ತಂಗಿಗೆ ಅದೇ ರೋಗ ಬಂತು. ನನ್ನ ಬಾಯಿಂದ ಆ ಪಾಠ ಕೇಳಿದ ಅಪ್ಪ, ಮಿರಜ್ ಆಸ್ಪತ್ರೆ ಬಿಡಿಸಿ, ಮನೆಯಲ್ಲೇ ಎಲೆ ಕುದಿಸಿದ. ಹೆದರಿ ಮೇಡಂಗೆ ಹೇಳಿದೆ. ಅವರು ಅಂದೇ ಬಂದು ಕಷಾಯ ಚೆಲ್ಲಿದರು.

"ಇದರಾಗ ವಿಷಾನೂ ಐತ್ರಿ. ಡಾಕ್ಟರು ಅಳತಿ ಮಾಡಿ ಕೊಡ್ತಾರ, ನಾವು ಹ್ಯಾಂಗ ಅಳಿಯೂದು?"

"ಆ ಸೂಜಿ ಕೂಸು ತಡಕೊಳ್ಳಾಂಗಿಲ್ರಿ," ಅಪ್ಪ ಅತ್ತ.

"ಪ್ರತಿ ಸೂಜಿಗೂ ನಾ ಕೂಡ ಬರ್ತೇನ್ರಿ."

ಮಾತಿನಂತೆ ಎರಡು ವರ್ಷ ಮಿರಜ್ ಬಸ್ಸಿನಲ್ಲಿ ತಂಗಿಯ ಪಕ್ಕ ಕೂತರು. ಉದುರಿದ ಕೂದಲು ಮತ್ತೆ ಬೆಳೆದಾಗ, ತಂಗಿ ಮೊದಲ ಜಡೆಯನ್ನು ಅವರಿಂದಲೇ ಹಾಕಿಸಿಕೊಂಡಳು.