ಭಂಡಾರ ಮುಟ್ಟಿದ ಕೈ

ಇಸವಿ ಎರಡು ಸಾವಿರ ದಾಟಿದ ಹೊಸತು. ಸಿಕಂದರಾಬಾದಿಗೆ ಸಮೀಪದ ಹಿಮಾಯತ್‌ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಮೆಡಿಕಲ್ ಸೋಷಿಯಲ್ ವರ್ಕರ್ ಆಗಿದ್ದೆ. ವೈದ್ಯರ ಔಷಧೋಪಚಾರ ಮುಗಿದ ಬಳಿಕ ರೋಗಿಯು ಮನೆಯಲ್ಲೂ ಕೆಲಸದಲ್ಲೂ ಮತ್ತೆ ನೆಲೆಗೊಳ್ಳುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಸೇವೆ. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವನಾದ್ದರಿಂದ ಕನ್ನಡದ ಮನೆಗಳವರು ನನ್ನನ್ನು ‘ಶಾಸ್ತ್ರ ಓದಿದ ರಾಯರು’ ಎಂದೇ ಕರೆಯುತ್ತಿದ್ದರು.

ಆ ವರ್ಷ ಮಲ್ಲಿಕಾರ್ಜುನ ಎಂಬ ತರುಣನನ್ನು ಡಿಟಾಕ್ಸ್‌ಗೆ, ಅಂದರೆ ದೇಹದಿಂದ ಮದ್ಯದ ವಿಷವನ್ನು ಇಳಿಸುವ ಚಿಕಿತ್ಸೆಗೆ, ದಾಖಲಿಸಿದರು. ತಂದೆ ಗುರುಪಾದಪ್ಪನವರು ಬೀದರ ಕಡೆಯಿಂದ ಬಂದು ನೆಲೆಸಿದ ಜವಳಿ ವ್ಯಾಪಾರಿಗಳು. ಮಗ ಗಚ್ಚಿಬೌಲಿಯ ಒಂದು ಐಟಿ ಕಂಪನಿಯಲ್ಲಿ ಕ್ಯಾಬುಗಳ ಮೇಲ್ವಿಚಾರಕ. ಚಾಲಕರು ಕುಡಿದಿದ್ದಾರೆಯೇ ಎಂದು ಬಾಯಿ ಊದಿಸಿ ಪರೀಕ್ಷಿಸುವುದು ಅವನ ಕೆಲಸ.

“ಅವರ ಬಾಯಿಗೆ ಮಿಷನ್ ಹಿಡಿಯೂಮುಂದ ನನ್ನ ಉಸಿರು ನಾನೇ ಬಿಗಿಹಿಡೀತಿದ್ದೆ ನೋಡ್ರಿ,” ಎಂದು ಅವನೇ ನಗುತ್ತ ಹೇಳಿದ್ದ. ಹೆಂಡತಿ ಸುನಂದಾ ನಗಲಿಲ್ಲ.

ಚಿಕಿತ್ಸೆಯ ನಂತರ ಕುಡಿತ ಬಿಟ್ಟವರ ಸಭೆಯೊಂದಕ್ಕೆ ಅವನನ್ನು ಸೇರಿಸಬೇಕಿತ್ತು. ಮೊದಲು ಕಳುಹಿಸಿದ ಕಡೆಯಿಂದ ಒಂದೇ ದಿನಕ್ಕೆ ಮರಳಿದ. “ಅಲ್ಲಿ ಕುಡದದ್ದನ್ನೂ ಇಂಗ್ಲಿಷ್‌ನಾಗ ಹೇಳಬೇಕ್ರಿ. ನಾ ಕನ್ನಡದಾಗ ಕುಡದಾಂವ.” ವಿಚಾರಿಸುತ್ತ ಹೋದಾಗ ಸಿಕಂದರಾಬಾದಿನಲ್ಲಿ, ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ, ಪ್ರತಿ ಸಂಜೆ ನಡೆಯುವ ಸಭೆಯ ಸುಳಿವು ಸಿಕ್ಕಿತು. ತೆಲುಗು, ಹಿಂದಿ, ಕನ್ನಡ ಯಾವುದಾದರೂ ಸರಿ. ಹೊರಗಿನವರಿಗೂ ಪ್ರವೇಶವಿದ್ದ ದಿನ ನಾನೇ ಅವನ ಜೊತೆಗೆ ಹೋದೆ.

ಬಾಗಿಲಲ್ಲಿ ಚಹಾ ಹಂಚುತ್ತಿದ್ದವರು ಶರಣಪ್ಪ, ರೈಲ್ವೆಯಿಂದ ನಿವೃತ್ತರಾದ ಫಿಟ್ಟರ್. ಅವರೂ ಒಮ್ಮೆ ಕುಡುಕರು. “ಬರ್ರಿ ಸಾಹೇಬ್ರ. ಇಲ್ಲಿ ಯಾರೂ ನಿಮ್ಮ ಬಾಯಿ ಮೂಸಿ ನೋಡಂಗಿಲ್ಲ. ಚಾಕ್ಕ ಸಕ್ಕರಿ ಎಷ್ಟ್ ಬೇಕಂತ ಅಷ್ಟ ಕೇಳ್ತೀವಿ.” ಮಲ್ಲಿಕಾರ್ಜುನ ಕುಳಿತ. ಅಲ್ಲಿಯ ಪದ್ಧತಿ ಸರಳ: ಜೀವಮಾನದ ಮಾತು ಯಾರೂ ಆಡುವುದಿಲ್ಲ, ಇವತ್ತೊಂದು ದಿನ ಕುಡಿಯುವುದಿಲ್ಲ ಎನ್ನುತ್ತಾರೆ. ತಪ್ಪಿದವನು ಮರುದಿನ ಬಂದು ತಪ್ಪಿದೆನೆಂದು ಹೇಳಿ ಮತ್ತೆ ಮೊದಲಿನಿಂದ ಆರಂಭಿಸುತ್ತಾನೆ. ಅವನಿಗೂ ಚಹಾ ಉಂಟು.

ಕೆಲವು ತಿಂಗಳು ಅವನು ತಪ್ಪದೆ ಹೋದ. ಮುಖದ ಊತ ಇಳಿಯಿತು. ಸುನಂದಾ ತವರಿಗೆ ಹೋಗುವ ಮಾತು ಬಿಟ್ಟಳು.

ಅದೇ ಹೊತ್ತಿಗೆ ಗುರುಪಾದಪ್ಪನವರು ಮನೆಯಲ್ಲಿ ಮೈಲಾರಲಿಂಗನ ಪೂಜೆ ಇಟ್ಟರು. ನೆಂಟರೆಲ್ಲರ ಎದುರು ಮಗನಿಂದ ಭಂಡಾರ, ಅಂದರೆ ಆ ದೇವರ ಅರಿಸಿನಪುಡಿ, ಮುಟ್ಟಿಸಿ ಜನ್ಮದಲ್ಲಿ ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದರು. ಮರುದಿನದಿಂದ ಸಭೆಗೆ ಕಳುಹಿಸಲಿಲ್ಲ. ನಾನು ಅಂಗಡಿಗೆ ಹೋದೆ.

“ದೇವರ ಭಂಡಾರ ಮುಟ್ಯಾನ್ರಿ. ಇನ್ನ ಆ ಕುಡುಕರ ನಡುವ ಯಾಕ ಕೂಡಬೇಕು? ದೇವರ ಮ್ಯಾಲ ನಂಬಿಕಿ ಇಲ್ಲಂದಂಗ ಆಗಂಗಿಲ್ಲೇನು? ಶಾಸ್ತ್ರ ಓದಿದವರು ನೀವ ಹೇಳ್ರಿ.”

“ನಿನ್ನೆ ದೇವರ ಮುಂದೆ ದೀಪ ಹಚ್ಚಿದಿರಿ. ಇವತ್ತು ಮತ್ತೆ ಏಕೆ ಹಚ್ಚಿದಿರಿ, ಗುರುಪಾದಪ್ಪನವರೇ?”

ಅವರು ಅರಿವೆಯ ಮಡಿಕೆ ಸರಿಮಾಡಿದರು. “ನೀವು ಪಗಾರ ತಗೊಂಡು ಹೇಳಾವರು ರಾಯರ. ನಾವು ಹಡದಾವರು.”

ದೀಪಾವಳಿಯ ಮುನ್ನ ಗಚ್ಚಿಬೌಲಿಯಲ್ಲಿ ಒಬ್ಬ ಸಹೋದ್ಯೋಗಿಯ ಬೀಳ್ಕೊಡುಗೆ ನಡೆಯಿತು. ಮಲ್ಲಿಕಾರ್ಜುನ ಅಲ್ಲಿ ಒಂದು ಗ್ಲಾಸು ಕುಡಿದ. ರಿಲ್ಯಾಪ್ಸ್ ಎಂದು ನಾವು ಕರೆಯುವ ಈ ಮರುಜಾರುವಿಕೆ ಕಾಯಿಲೆಯ ಸ್ವಭಾವದಲ್ಲೇ ಇದೆ. ಹೆಚ್ಚಿನವರು ಒಮ್ಮೆಯಾದರೂ ಜಾರುತ್ತಾರೆ. ಸಭೆಗೆ ಹೋಗುತ್ತಿದ್ದರೆ ಮರುಸಂಜೆಯೇ ಹೇಳಿಬಿಡುತ್ತಿದ್ದ. ಈಗ ಯಾರಿಗೂ ಹೇಳಲಿಲ್ಲ. ಸುನಂದಾ ನನಗೆ ಫೋನ್ ಮಾಡಿದಾಗ ಅವನು ಕೋಣೆಯಿಂದ ಹೊರಬರುವುದನ್ನೇ ಬಿಟ್ಟಿದ್ದ. ಶರಣಪ್ಪನವರನ್ನು ಕರೆದುಕೊಂಡು ಹೋದೆ.

“ಏಳೋ ತಮ್ಮಾ. ನಾ ಎಷ್ಟ್ ಸಲ ಬಿದ್ದೆದ್ದೀನಿ ಅಂತ ನಿನಗ ಗೊತ್ತೈತಿ. ನಿನ್ನ ಕುರ್ಚಿ ಹಂಗ ಐತಿ, ನಡಿ.”

ಮಲ್ಲಿಕಾರ್ಜುನ ಗೋಡೆಯ ಕಡೆಗೇ ಮುಖ ಮಾಡಿ ಹೇಳಿದ: “ಶರಣಪ್ಪಣ್ಣಾ, ನಿಮಗ ತಪ್ಪಿದ್ರ ಮತ್ತ ಬರಬಹುದು. ದೇವರಿಗೆ ತಪ್ಪಿದಾಂವ ಎಲ್ಲಿಗೆ ಬರಬೇಕು? ಆಣಿ ಹೆಂಗೂ ಮುರದೈತಿ. ಒಂದು ಗ್ಲಾಸಿಗೂ ಅದ ಪಾಪ, ಬಾಟ್ಲಿಗೂ ಅದ ಪಾಪ.”

ಪ್ರಾಯಶ್ಚಿತ್ತವೆಂಬುದು ತಪ್ಪುವವರಿಗಾಗಿಯೇ ಇದೆ ಎಂದು ನನಗೆ ತಿಳಿದಷ್ಟನ್ನೆಲ್ಲ ವಿವರಿಸಿದೆ. ಅವನು ಕೈ ಮುಗಿದನೇ ಹೊರತು ಎದ್ದು ಬರಲಿಲ್ಲ. ಕೋಣೆಯಲ್ಲೇ ಕುಡಿಯುತ್ತ ಹೋದವನು ಸಂಕ್ರಾಂತಿಗೆ ಮೊದಲೇ, ನಮ್ಮ ಆಸ್ಪತ್ರೆಯಲ್ಲೇ, ರಕ್ತ ಕಾರಿ ತೀರಿಕೊಂಡ. ಶರಣಪ್ಪನವರು ಹೆಗಲು ಕೊಡಲು ಬಂದಾಗ ನೆಂಟರೊಬ್ಬರು, “ಇಂವ ಅದ ಕುಡುಕರ ಸಂಘದಾಂವ,” ಎಂದು ಪಕ್ಕಕ್ಕೆ ಸರಿಸಿದರು.

ಮರುವರ್ಷ ಆ ಮನೆಯ ಮೈಲಾರನ ಪೂಜೆಗೆ ಸುನಂದಾ ಕರೆದಳೆಂದು ಹೋದೆ. ಗುರುಪಾದಪ್ಪನವರು ಬಂದವರಿಗೆ ಹೇಳುತ್ತಿದ್ದರು: “ಆಣಿ ಮಾಡಿ ತಪ್ಪಿದ. ಮೈಲಾರ ಬಿಡಲಿಲ್ಲ.” ಸುನಂದಾ ತಲೆ ತಗ್ಗಿಸಿ ತಟ್ಟೆ ಹಿಡಿದು ನಿಂತಿದ್ದಳು. ಅವರು ಭಂಡಾರದ ಬೆರಳನ್ನು ನನ್ನ ಹಣೆಗೆ ತಂದರು. ನಾನು ದೇವರಿಗೆ ನಮಸ್ಕರಿಸಿ, ಹಣೆ ಒಡ್ಡದೆ ಹೊರಗೆ ಬಂದೆ. ಪ್ರಸಾದವನ್ನು ಸ್ವೀಕರಿಸದೆ ಬಂದದ್ದು ನನ್ನ ಬದುಕಿನಲ್ಲಿ ಅದೊಂದೇ ಬಾರಿ.

ವೃತ್ತಿ ನನಗೆ ಕಲಿಸಿದ್ದು ಇಷ್ಟು: ಬಿದ್ದವನು ಹಿಂದಿರುಗುವ ಬಾಗಿಲನ್ನು ದೇವರ ಹೆಸರಿನಿಂದ ಮುಚ್ಚಬಾರದು. ನಿವೃತ್ತಿಯವರೆಗೂ ಹೊಸ ರೋಗಿಯ ಮನೆಯವರನ್ನು ಮೊದಲು ಕೇಳುತ್ತಿದ್ದದ್ದು, ಆಣೆ ಮಾಡಿಸಿದ್ದೀರಾ ಎಂದು. ಮಾಡಿಸಿದ್ದರೆ, ಅದೇ ದೇವರ ಮುಂದೆ ಅದನ್ನು ಹಿಂದಕ್ಕೆ ಪಡೆದು, ‘ಇವತ್ತೊಂದು ದಿನ ಕಾಪಾಡು’ ಎಂದು ಬೇಡಿಕೊಂಡು ಬನ್ನಿ ಎನ್ನುತ್ತಿದ್ದೆ. ಕೆಲವರು ಹಾಗೆ ಬಂದರು. ಬಹಳ ಮಂದಿ ಬೇರೆ ಆಸ್ಪತ್ರೆ ಹುಡುಕಿಕೊಂಡರು.