ಕರಿಬೇವಿನ ಸಾಕ್ಷಿ

ಹೊಸಪೇಟೆಯ ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದ ಅಕ್ಕ, ಹೊಸ ಸೋಪು ಕಂಡರೆ ಮೊದಲು ಮೂಸಿ, "ಗಿಡಾನ ಕೇಳೂಣ್ರಿ," ಅನ್ನುತ್ತಿದ್ದರು. ನಮ್ಮ ಅಂಗಳಕ್ಕೆಲ್ಲ ಸಿಮೆಂಟು. ಹಾಗಾಗಿ ಪಾತ್ರೆ ತೊಳೆದ ನೀರನ್ನು ಕ್ಯಾನಿನಲ್ಲಿ ಹೊತ್ತೊಯ್ದು ತಮ್ಮ ಮನೆಯ ಕರಿಬೇವಿಗೆ ಹಾಕುತ್ತಿದ್ದರು.

ಒಮ್ಮೆ ಹಸಿರೆಲೆಯ ಚಿತ್ರವಿದ್ದ ದುಬಾರಿ ಸೋಪಿನ ಬಾಟ್ಲಿ ತಂದೆ. "ಇದು ಪರಿಸರಕ್ಕ ಭಾಳ ಒಳ್ಳೇದಕ್ಕ, ಮ್ಯಾಲೆ ಬರದಾರ ನೋಡ್ರಿ," ಎಂದೆ.

"ಬರದೋರು ಹೇಳ್ಯಾರ. ಗಿಡಾನೂ ಕೇಳೂಣ್ರಿ."

ಹದಿನೈದು ದಿನಕ್ಕೆ ಎಲೆ ಉದುರಿದ ಕರಿಬೇವಿನ ಕಡ್ಡಿ ತಂದು ಕಟ್ಟೆಯ ಮೇಲಿಟ್ಟರು. ನಾಚಿಕೆಯಾಗಿ ಬಾಟ್ಲಿಯನ್ನು ಬಚ್ಚಲಿಗೆ ಬಗ್ಗಿಸಲು ಹೋದೆ. ಅಕ್ಕ ಕೈ ಹಿಡಿದರು.

"ಬ್ಯಾಡ್ರಿ. ಅದು ಕಾಲುವಿಗೆ ಹೋಗ್ತೈತಿ. ಕಾಲುವಿ ದಂಡಿಗೇ ನಮ್ಮ ಓಣಿ ಐತಿ."

ಅಕ್ಕ ಈಗಿಲ್ಲ. ಆ ಬಾಟ್ಲಿ ಅಟ್ಟದ ಮೇಲೆ ಹಾಗೇ ಇದೆ. ಎಲ್ಲಿ ಚೆಲ್ಲಬೇಕೆಂದು ನನಗಿನ್ನೂ ಗೊತ್ತಾಗಿಲ್ಲ.